ಅಳತೆ ಅಕ್ಕ ಮೂರು ದೇಶ ನೋಡಿ ಬಂದದ್ದು

ಬೇರಿಂಗ್ ಕಾರ್ಖಾನೆಯ ತಪಾಸಣೆ ಕೋಣೆಯಲ್ಲಿ ಇಪ್ಪತ್ತಾರು ವರ್ಷ ಕೂತು ಕೆಲಸ ಮಾಡಿದ ಆಕೆಯನ್ನು ಎಲ್ಲರೂ ಅಳತೆ ಅಕ್ಕ ಎಂದೇ ಕರೆಯುತ್ತಿದ್ದರು. ಹೊಸ ಬೇರಿಂಗ್ ಕೈಗೆ ಬಂದರೆ ಮೊದಲು ಮೈಕ್ರೊಮೀಟರಿನ ದವಡೆಗೆ ಕೊಟ್ಟು, ಆಮೇಲೆ ಎರಡು ಬೆರಳಲ್ಲಿ ಹಿಡಿದು, ಕಿವಿಯ ಹತ್ತಿರ ತಂದು ಒಮ್ಮೆ ತಿರುಗಿಸುತ್ತಿದ್ದಳು. ಒಳಗಿನ ಗುಂಡುಗಳು ಒಂದೇ ಸಮನೆ ಸರಿದರೆ ಹಸಿರು ತಟ್ಟೆಗೆ, ಎಲ್ಲೋ ಒಂದು ಕಡೆ ಗೊರ್ ಎಂದರೆ ಕೆಂಪು ಡಬ್ಬಕ್ಕೆ. ಕೆಂಪು ಡಬ್ಬಕ್ಕೆ ಬಿದ್ದದ್ದನ್ನು ಎತ್ತಿಕೊಂಡು ಬಂದು ವಾದ ಮಾಡುವ ಧೈರ್ಯ ಮೇಲ್ವಿಚಾರಕನಿಗೂ ಇರಲಿಲ್ಲ. ಬೇರೆ ವಿಷಯಗಳಲ್ಲೂ ಹಾಗೆಯೇ. ಯಾರದೋ ಮನೆ ಬಾಡಿಗೆ ಜಗಳ, ಯಾರದೋ ಮಗಳ ಮದುವೆ ಮಾತುಕತೆ, ಕ್ಯಾಂಟೀನಿನಲ್ಲಿ ಯಾರು ಮೊದಲು ಕೈ ಎತ್ತಿದರು ಎಂಬ ತಕರಾರು, ಕೊನೆಗೆ ಎಲ್ಲವೂ ಬಂದು ನಿಲ್ಲುತ್ತಿದ್ದದ್ದು ‘ಅಕ್ಕ ಏನಂದಳು?’ ಎಂಬಲ್ಲಿ.

ಅವಳಿಗೆ ಒಬ್ಬನೇ ತಮ್ಮ. ತಾಯಿ ತೀರಿಕೊಂಡಾಗ ಅವನಿಗೆ ಎಂಟು, ಇವಳಿಗೆ ಹತ್ತೊಂಬತ್ತು. ಅದೇ ತಿಂಗಳು ಕಾರ್ಖಾನೆ ಸೇರಿದಳು. ಅವನನ್ನು ಶಾಲೆಗೆ ಹಾಕಿ, ತಾಂತ್ರಿಕ ತರಬೇತಿ ಕೊಡಿಸಿ, ಹಳೇ ಯಜಮಾನರ ಮುಂದೆ ಕೈಕಟ್ಟಿ ನಿಂತು ಕೆಲಸಕ್ಕೂ ಸೇರಿಸಿದಳು. ಹುಡುಗ ಚುರುಕು. ಯಂತ್ರಗಳನ್ನು ಮಾರಿದ ಹೊರದೇಶದ ಕಂಪನಿಯವರು ತಮ್ಮಲ್ಲಿಗೆ ಒಬ್ಬನನ್ನು ಕಳಿಸಿ, ಕಲಿಸುತ್ತೇವೆ ಎಂದಾಗ ಯಜಮಾನರು ಇವನನ್ನೇ ಆರಿಸಿದರು. ಎರಡು ವರ್ಷ ಅಲ್ಲಿದ್ದು, ಆ ದೇಶದ ಭಾಷೆಯನ್ನು ನೀರು ಕುಡಿದ ಹಾಗೆ ಕಲಿತು ಬಂದ. ಬಂದ ಮೇಲೆ ಕಾರ್ಮಿಕರ ಸಂಘಕ್ಕೆ ನಿಂತ, ಗೆದ್ದ. ಮೂವತ್ತನಾಲ್ಕಕ್ಕೆ ಕಾರ್ಯದರ್ಶಿಯಾದ. ಅಕ್ಕನ ಗಂಡ ಬಸ್ ಡ್ರೈವರ್, ಬಾಯಿ ಸ್ವಲ್ಪ ಸಡಿಲ. “ನಿನ್ನ ತಮ್ಮ ಭಾಷಣಕ್ಕೆ ನಿಂತರೆ ನನ್ನ ಬಸ್ಸಿಗಿಂತ ಬೇಗ ಗೇರ್ ಬದಲಾಯಿಸ್ತಾನೆ” ಎಂದು ಕಾಲೆಳೆಯುತ್ತಿದ್ದ. ಅವಳಿಗೆ ಅದರಲ್ಲೂ ಹೆಮ್ಮೆಯೇ.

ಹಳೇ ಯಜಮಾನರು ತೀರಿಕೊಂಡ ಮೇಲೆ ಕಾರ್ಖಾನೆ ಅವರ ಮಗಳ ಕೈಗೆ ಬಂತು. ಮೆತ್ತಗೆ ಮಾತಾಡುವ ಹೆಂಗಸು. ಎಲ್ಲರನ್ನೂ ಅಂಗಳದಲ್ಲಿ ಸೇರಿಸಿ, ಅಪ್ಪ ನಡೆಸಿದ ಹಾಗೆ ಇನ್ನು ನಡೆಸಲು ಆಗದು, ಬಂಡವಾಳ ಬೇಕು, ಅದು ಎಲ್ಲಿಂದ ಬರಬೇಕು, ಯಾರು ಒಡೆಯರಾಗಬೇಕು ಎಂಬುದನ್ನು ನಾನೊಬ್ಬಳೇ ತೀರ್ಮಾನಿಸುವುದಿಲ್ಲ, ನೀವೂ ತಿಳಿದುಕೊಂಡು ಹೇಳಿ ಎಂದಳು. ಯಜಮಾನರ ಬಾಯಿಂದ ಅಂಥ ಮಾತು ಬಂದದ್ದನ್ನು ಯಾರೂ ಅದುವರೆಗೆ ಕೇಳಿರಲಿಲ್ಲ. ಪಾಲಿಶ್ ವಿಭಾಗದ ಹಿರಿಯನಂತೂ ಕಣ್ಣೊರೆಸಿಕೊಂಡ.

ತಿಳಿಸಿಕೊಡಲು ಒಬ್ಬ ಪ್ರೊಫೆಸರು ಬಂದರು. ನಾಲ್ಕು ಶನಿವಾರ ಮಧ್ಯಾಹ್ನ ಕ್ಯಾಂಟೀನಿನ ಮೇಜುಗಳನ್ನು ಗೋಡೆಗೆ ಸರಿಸಿ ಪಾಠ ನಡೆಯಿತು. ಬಂಡವಾಳಶಾಹಿ ಅಂದರೆ ಒಂದೇ ಬಗೆಯದಲ್ಲ ಎಂದು ಅವರು ಶುರು ಮಾಡಿದರು. ಅಳತೆ ಅಕ್ಕನ ಗಂಡ ಬಸ್ ಓಡಿಸುವವನೆಂದು ತಿಳಿದು ಬಸ್ಸಿನ ಉದಾಹರಣೆಯನ್ನೇ ಹಿಡಿದರು. ಒಂದು ದೇಶದಲ್ಲಿ ಬಸ್ಸಿನ ಒಡೆಯರು ಬಸ್ಸನ್ನೇ ನೋಡದ ಷೇರುದಾರರು. ಲಾಭ ಬರದ ದಾರಿಯಲ್ಲಿ ಬಸ್ ಓಡುವುದೇ ಇಲ್ಲ, ಆದರೆ ಹೊಸ ದಾರಿ ಹುಟ್ಟುವುದೂ ಅಲ್ಲೇ ಬೇಗ. ಇನ್ನೊಂದು ಕಡೆ ಡ್ರೈವರೂ ಬ್ಯಾಂಕಿನವನೂ ಮಾಲೀಕನೂ ಒಂದೇ ಮೇಜಿಗೆ ಕೂತು ವೇಳಾಪಟ್ಟಿ ಬರೆಯುತ್ತಾರೆ. ಬರೆಯುವುದಕ್ಕೇ ಒಂದು ವರ್ಷ ಹಿಡಿಯುತ್ತದೆ, ಬರೆದ ಮೇಲೆ ಯಾರೂ ಮುರಿಯುವುದಿಲ್ಲ. ಮತ್ತೊಂದು ಕಡೆ ಕಂಪನಿಗೆ ಒಮ್ಮೆ ಸೇರಿದವನು ಮುದುಕನಾಗುವವರೆಗೆ ಅಲ್ಲೇ. ಮಗದೊಂದು ಕಡೆ ಬಸ್ಸೂ ಸರಕಾರದ್ದು, ರಸ್ತೆಯೂ ಸರಕಾರದ್ದು, ತಡವಾದರೆ ಕೇಳುವವರೇ ಇಲ್ಲ. “ನಮ್ಮ ಕಡೆ ಈ ನಾಲ್ಕೂ ಸೇರಿವೆ ಸಾರ್” ಎಂದು ಹಿಂದಿನ ಸಾಲಿನಿಂದ ಯಾರೋ ಅಂದರು. ಕ್ಯಾಂಟೀನು ಬಿದ್ದು ಬಿದ್ದು ನಕ್ಕಿತು. ಪ್ರೊಫೆಸರೂ ನಕ್ಕರು. ಆಮೇಲೆ ಗಂಭೀರವಾಗಿ, ಯಾವ ಪದ್ಧತಿಯಲ್ಲೂ ಕೊನೆಗೆ ಕೇಳಬೇಕಾದ ಪ್ರಶ್ನೆ ಒಂದೇ, ಬೇಡ ಎನ್ನುವ ಹಕ್ಕು ಯಾರಿಗಿದೆ ಎಂಬುದು ಎಂದರು. ಆ ಮಾತನ್ನು ಹೆಚ್ಚು ಜನ ಗಮನಿಸಲಿಲ್ಲ. ಅಷ್ಟರಲ್ಲಿ ಚಹಾ ಬಂದಿತ್ತು.

ಆಮೇಲೆ ಯಜಮಾನರ ಮಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದಳು. ಪಾಠ ಕೇಳಿದರೆ ಸಾಲದು, ನೋಡಿ ಬನ್ನಿ ಎಂದು ಮೂವರಿಗೆ ಮೂರು ದೇಶದ ಪ್ರಯಾಣ ಏರ್ಪಡಿಸಿದಳು. ಸಂಘದ ಪರವಾಗಿ ಕಾರ್ಯದರ್ಶಿ, ದಾರಿ ತೋರಿಸಲು ಪ್ರೊಫೆಸರು, ಕಾರ್ಮಿಕರ ಪರವಾಗಿ ಅವರೇ ಆರಿಸಿದ ಒಬ್ಬರು. ನಾನೂರು ಜನರಲ್ಲಿ ಮುನ್ನೂರ ಎಂಬತ್ತು ಚೀಟಿಯಲ್ಲಿ ಅಳತೆ ಅಕ್ಕ ಎಂದೇ ಬರೆದಿತ್ತು.

ಮೊದಲ ದೇಶದ ಕಾರ್ಖಾನೆ ಆಸ್ಪತ್ರೆಯಷ್ಟು ಸ್ವಚ್ಛ. ಹತ್ತು ವರ್ಷದಲ್ಲಿ ಮೂರು ಸಲ ಕೈ ಬದಲಾಗಿತ್ತು. ಇವರು ನೋಡುತ್ತಿದ್ದಂತೆಯೇ ಒಬ್ಬ ತನ್ನ ಸಾಮಾನನ್ನೆಲ್ಲ ರಟ್ಟಿನ ಪೆಟ್ಟಿಗೆಗೆ ತುಂಬಿಕೊಂಡು ಹೊರಟ. ಬೆಳಿಗ್ಗೆಯಷ್ಟೇ ಕೆಲಸ ಹೋಗಿತ್ತಂತೆ. ಸೋಮವಾರದೊಳಗೆ ಇನ್ನೊಂದು ಸಿಗುತ್ತದೆ ಎಂದು ನಗುತ್ತಲೇ ಹೇಳಿದ. ಅವನ ನಗು ಅಕ್ಕನಿಗೆ ಅರ್ಥವಾಗಲಿಲ್ಲ. ಗೇಟಿನ ಹೊರಗೆ ಪೆಟ್ಟಿಗೆಯನ್ನು ಕಾರಿನ ಮೇಲಿಟ್ಟು ಅವನು ಎಷ್ಟೋ ಹೊತ್ತು ಸುಮ್ಮನೆ ನಿಂತಿದ್ದನ್ನು ಮಾತ್ರ ಕಿಟಕಿಯಿಂದ ನೋಡಿದಳು.

ಇನ್ನೊಂದು ದೇಶದಲ್ಲಿ ಎಪ್ಪತ್ತರ ಹತ್ತಿರದ ಮುದುಕನೊಬ್ಬ ತಾನು ಹದಿನೆಂಟಕ್ಕೆ ಹಿಡಿದ ಯಂತ್ರವನ್ನೇ ಇನ್ನೂ ಒರೆಸುತ್ತಿದ್ದ. ಕಂಪನಿಯೇ ಅವನಿಗೆ ಮನೆ ಕೊಟ್ಟಿತ್ತು, ಹೆಣ್ಣೂ ಹುಡುಕಿಕೊಟ್ಟಿತ್ತು. ಅಕ್ಕನಿಗೆ ಕಣ್ಣು ತುಂಬಿ ಬಂತು. ಆದರೆ ಊಟದ ಹೊತ್ತಿಗೆ ಬೇರೆ ಬಣ್ಣದ ಅಂಗಿ ತೊಟ್ಟ ಹುಡುಗರು ಬೇರೆ ಮೂಲೆಯಲ್ಲಿ ಕೂತಿದ್ದು ಕಂಡಿತು. ಅವರೆಲ್ಲ ಗುತ್ತಿಗೆಯವರು, ಆರು ತಿಂಗಳಿಗೆ ಬರುವವರು. ಮುದುಕನ ಯಂತ್ರದ ಪಕ್ಕದಲ್ಲೇ ಅದೇ ಕೆಲಸ. ಮನೆಯೂ ಇಲ್ಲ, ಹೆಣ್ಣೂ ಇಲ್ಲ.

ಕೊನೆಯದು ಅಕ್ಕನ ತಮ್ಮ ಎರಡು ವರ್ಷ ಇದ್ದ ದೇಶ. ಅಲ್ಲಿ ಕಾರ್ಮಿಕರು ಆಡಳಿತ ಮಂಡಳಿಯಲ್ಲೇ ಕೂರುತ್ತಾರೆ. ಹಾಗೆ ಕೂರುವ ಒಬ್ಬ ಹೆಂಗಸು, ಲೇತ್ ಯಂತ್ರ ನಡೆಸುವವಳು, ಕಾರ್ಖಾನೆಯ ಊಟದ ಕೋಣೆಯಲ್ಲಿ ಅಕ್ಕನ ಎದುರಿಗೆ ಕೂತು ಮಾತಿಗೆ ತೊಡಗಿದಳು. ದೊಡ್ಡ ಕೈಗಳು, ಉಗುರಿನ ಸಂದಿಯಲ್ಲಿ ಎಣ್ಣೆಯ ಕಪ್ಪು. ಅವಳ ಕೈ ನೋಡಿದ ಕೂಡಲೇ ಅಕ್ಕನಿಗೆ ಆತ್ಮೀಯಳೆನಿಸಿದಳು. ಭಾಷಾಂತರಕ್ಕೆಂದು ತಮ್ಮನೇ ನಡುವೆ ಕೂತ. ಪ್ರೊಫೆಸರು ಪಕ್ಕದ ಮೇಜಿನಲ್ಲಿ ಅಲ್ಲಿನ ಮ್ಯಾನೇಜರರ ಜೊತೆಗಿದ್ದರು.

ನಮ್ಮ ಕಾರ್ಖಾನೆಯಲ್ಲಿ ಕಾರ್ಮಿಕರಿಗೆ ಷೇರು ಕೊಡುವ ಯೋಚನೆ ಇದೆಯಂತೆ, ಮಂಡಳಿಯಲ್ಲಿ ಎರಡು ಕುರ್ಚಿಯೂ ಇದೆಯಂತೆ, ಏನಂತೀರಿ ಎಂದು ಅಕ್ಕ ತಮ್ಮನ ಮೂಲಕ ಕೇಳಿಸಿದಳು. ಲೇತಿನ ಹೆಂಗಸು ಮೇಜಿನ ಮೇಲೆ ಬೆರಳು ಕುಟ್ಟಿ ಕುಟ್ಟಿ ಬಹಳ ಹೊತ್ತು ಮಾತಾಡಿದಳು. ಒಮ್ಮೆ ಅಕ್ಕನ ಮಣಿಕಟ್ಟು ಹಿಡಿದುಕೊಂಡೇ ಏನೋ ಹೇಳಿದಳು. ತಮ್ಮ ಅಕ್ಕನ ಕಡೆ ತಿರುಗಿ, “ತುಂಬಾ ಒಳ್ಳೇದು, ಹಿಂದೆಮುಂದೆ ನೋಡಬೇಡಿ ಅಂತಿದಾರೆ” ಎಂದ.

“ಅಷ್ಟು ಹೊತ್ತು ಮಾತಾಡಿದ್ರಲ್ಲೋ. ಇಷ್ಟೇನಾ?”

“ಇವರ ಭಾಷೆ ಹಾಗೇ ಅಕ್ಕ. ಸುತ್ತಿ ಬಳಸಿ ಅಲ್ಲಿಗೇ ಬರ್ತಾರೆ.”

ಅಕ್ಕ ಆ ಹೆಂಗಸಿನ ಎರಡೂ ಕೈ ಹಿಡಿದು ನಕ್ಕಳು. ಆ ಹೆಂಗಸು ನಗಲಿಲ್ಲ. ಬೇರೆ ದೇಶದವರ ಮುಖಭಾವ ನಮಗೇನು ತಿಳಿಯುತ್ತದೆ ಎಂದುಕೊಂಡು ಅಕ್ಕ ಎದ್ದಳು.

ಊರಿಗೆ ಬಂದ ವಾರದಲ್ಲೇ ಸಭೆ. ಕರಾರು ಅರವತ್ತೆರಡು ಪುಟದ್ದು. ಕಾರ್ಯದರ್ಶಿ ಎಲ್ಲರ ಪರವಾಗಿ ಅದನ್ನು ಓದಿ, ಒಂದು ಪುಟದ ಸಾರಾಂಶ ಮಾಡಿ ಹಂಚಿದ್ದ. ಅರ್ಧ ಷೇರು ಕಾರ್ಮಿಕರಿಗೆ, ಮಂಡಳಿಯಲ್ಲಿ ಎರಡು ಕುರ್ಚಿ, ಉಳಿದ ಅರ್ಧ ಹೊರಗಿನ ಬಂಡವಾಳದವರಿಗೆ. ಇದಕ್ಕೆ ಪ್ರತಿಯಾಗಿ, ಸಂಘದ ಸಹಿಯಿಲ್ಲದೆ ಯಾವ ವಿಭಾಗವನ್ನೂ ಮುಚ್ಚುವಂತಿಲ್ಲ ಎಂದು ಹಳೇ ಯಜಮಾನರು ಬರೆದುಕೊಟ್ಟಿದ್ದ ಒಪ್ಪಂದವನ್ನು ಬಿಟ್ಟುಕೊಡಬೇಕು. ಕೆಲವರು ಇದಕ್ಕೆ ತಕರಾರು ತೆಗೆದರು. ಪಾಲಿಶ್ ವಿಭಾಗದ ಹಿರಿಯ ಎದ್ದು, ಇದ್ದ ಬೀಗ ಒಪ್ಪಿಸಿ ಬರೀ ಕೀಲಿಕೈ ಇಟ್ಟುಕೊಂಡು ಏನು ಮಾಡೋಣ ಎಂದ.

ಆಗ ಅಳತೆ ಅಕ್ಕ ಎದ್ದಳು. ಭಾಷಣ ಮಾಡಿ ಅಭ್ಯಾಸವಿಲ್ಲ. ನೋಡಿದ್ದನ್ನು ನೋಡಿದ ಹಾಗೆ ಹೇಳಿದಳು. ರಟ್ಟಿನ ಪೆಟ್ಟಿಗೆಯವನ ಕತೆ, ಮುದುಕನ ಕತೆ, ಬೇರೆ ಮೂಲೆಯಲ್ಲಿ ಉಂಡ ಹುಡುಗರ ಕತೆ. “ಎಲ್ಲೂ ಸ್ವರ್ಗ ಇಲ್ಲ. ಆದರೆ ಲೇತ್ ಹಿಡಿಯೋ ಒಬ್ಬಳು ಒಡೆಯರ ಜೊತೆ ಕೂರೋದನ್ನ ನಾನೇ ನೋಡಿದೀನಿ. ಒಪ್ಪಿಕೊಳ್ಳಿ ಅಂತ ಅವಳೇ ನನ್ನ ಕೈ ಹಿಡಿದು ಹೇಳಿದಾಳೆ” ಎಂದಳು.

ಕೈಗಳು ಎದ್ದವು. ಪಾಲಿಶ್ ಹಿರಿಯ ಕೊನೆಯವನಾಗಿ, ಅಕ್ಕನ ಮುಖ ನೋಡುತ್ತ ಎತ್ತಿದ. ಬಾಗಿಲ ಬಳಿ ಕೂತಿದ್ದ ಪ್ರೊಫೆಸರು ಅವಳ ಮಾತು ಮುಗಿಯುವ ಮೊದಲೇ ಎದ್ದು ಹೋಗಿದ್ದರು. ಅದನ್ನು ಅವಳು ಆಗ ಮನಸ್ಸಿಗೆ ಹಾಕಿಕೊಳ್ಳಲಿಲ್ಲ.

ಎಂಟು ತಿಂಗಳು ಎಲ್ಲ ಚೆನ್ನಾಗಿಯೇ ಇತ್ತು. ಗೋಡೆಗೆ ಹೊಸ ಬಣ್ಣ ಬಂತು, ಗೇಟಿನ ಮೇಲೆ ‘ನಮ್ಮದೇ ಕಾರ್ಖಾನೆ’ ಎಂಬ ಫಲಕ ಬಂತು. ಒಂಬತ್ತನೇ ತಿಂಗಳು ಒಂದು ಬೆಳಿಗ್ಗೆ ಗ್ರೈಂಡಿಂಗ್, ಪಾಲಿಶ್, ತಪಾಸಣೆ ಮೂರೂ ವಿಭಾಗ ಮುಚ್ಚುತ್ತವೆ ಎಂಬ ಚೀಟಿ ಹಲಗೆಗೆ ಅಂಟಿತು. ಬೇರಿಂಗಿನ ಬಿಡಿಭಾಗಗಳು ಇನ್ನು ಮುಂದೆ ಹೊರಗಿನಿಂದ ಮುಗಿದು ಬರುತ್ತವೆ, ಇಲ್ಲಿ ಜೋಡಣೆ ಮಾತ್ರ. ಕೆಲಸ ಕಳೆದುಕೊಳ್ಳುವವರ ಪಟ್ಟಿಯಲ್ಲಿ ನೂರ ನಲವತ್ತು ಹೆಸರು. ಷೇರು ಇಟ್ಟುಕೊಂಡವರು ನಾವಲ್ಲವೇ, ನಾವು ಬೇಡ ಎನ್ನುತ್ತೇವೆ ಎಂದು ಜನ ಕಚೇರಿಗೆ ನುಗ್ಗಿದಾಗ ಗುಮಾಸ್ತ ಅರವತ್ತೆರಡು ಪುಟದ ಕರಾರಿನ ನಲವತ್ತೊಂದನೇ ಪುಟ ತೆಗೆದು ತೋರಿಸಿದ. ಕಾರ್ಮಿಕರ ಷೇರಿಗೆ ಲಾಭದ ಪಾಲಿದೆ, ಮತವಿಲ್ಲ. ಮಂಡಳಿಯ ಎರಡು ಕುರ್ಚಿಯಲ್ಲಿ ಕೂತವರು ಕೇಳಿಸಿಕೊಳ್ಳಬಹುದು, ಕೈ ಎತ್ತುವಂತಿಲ್ಲ. ಆ ಎರಡರಲ್ಲಿ ಒಂದು ಕುರ್ಚಿ ಅಕ್ಕನ ತಮ್ಮನದೇ ಆಗಿತ್ತು. ಹದಿನೈದು ದಿನ ಮೊದಲು ಅದನ್ನು ಬಿಟ್ಟು ಅವನು ಸಿಬ್ಬಂದಿ ವಿಭಾಗದ ಅಧಿಕಾರಿಯಾಗಿ ಮೇಲಿನ ಮಹಡಿಗೆ ಹೋಗಿದ್ದ.

ಪಟ್ಟಿಯಲ್ಲಿ ಅಕ್ಕ ತನ್ನ ಹೆಸರು ಹುಡುಕಿದಳು. ತಪಾಸಣೆ ಕೋಣೆಯ ಒಂಬತ್ತು ಜನರಲ್ಲಿ ಎಂಟು ಹೆಸರು ಇದ್ದವು. ಅವಳದು ಇರಲಿಲ್ಲ. ಸುತ್ತ ನಿಂತಿದ್ದವರು ಒಬ್ಬೊಬ್ಬರೇ ಪಟ್ಟಿಯಿಂದ ಕಣ್ಣು ತೆಗೆದು ಅವಳನ್ನು ನೋಡಿದರು. ಯಾರೂ ಏನೂ ಅನ್ನಲಿಲ್ಲ. ಏನಾದರೂ ಅಂದಿದ್ದರೆ ಚೆನ್ನಾಗಿತ್ತು ಎಂದು ಆಮೇಲೆ ಅವಳಿಗೆ ಎಷ್ಟೋ ಸಲ ಅನ್ನಿಸಿತು.

ಆ ಸಂಜೆಯೇ ಅವಳು ಪ್ರೊಫೆಸರರ ಮನೆ ಹುಡುಕಿಕೊಂಡು ಹೋದಳು. ಹಳೇ ಕಟ್ಟಡದ ಮೂರನೇ ಮಹಡಿ, ನಡುಮನೆಯಲ್ಲಿ ನಡೆದಾಡಲೂ ಜಾಗವಿಲ್ಲದಷ್ಟು ಪುಸ್ತಕ. ಅವರು ಬಾಗಿಲು ತೆರೆದರು, ಒಳಗೆ ಬನ್ನಿ ಎನ್ನಲು ಮಾತ್ರ ಸ್ವಲ್ಪ ತಡೆದರು. ನೀವು ಇಷ್ಟೆಲ್ಲ ಓದಿದವರು, ಒಂದು ಮಾತು ಎಚ್ಚರಿಸಬಾರದಿತ್ತೇ ಎಂದು ಅಕ್ಕ ಕೇಳಿದಳು. ಅವರು ಪ್ರಯಾಣ ಮುಗಿದ ಮೇಲೆ ತಾವು ಬರೆದ ವರದಿಯ ಪ್ರತಿ ತಂದು ಮುಂದಿಟ್ಟರು. ಮತವಿಲ್ಲದ ಷೇರು ಬರೀ ಕಾಗದ, ಅದಕ್ಕಾಗಿ ಹಳೇ ಒಪ್ಪಂದ ಬಿಡಬಾರದು ಎಂದು ಅದರಲ್ಲಿ ಸ್ಪಷ್ಟವಾಗಿತ್ತು. ಇದನ್ನು ಸಂಘದ ಕಾರ್ಯದರ್ಶಿಯ ಕೈಗೇ ಕೊಟ್ಟಿದ್ದೆ ಎಂದರು. ಆಮೇಲೆ ಕನ್ನಡಕ ತೆಗೆದು ಒರೆಸುತ್ತ, ತಮ್ಮ ಹೊಟ್ಟೆಯಲ್ಲಿದ್ದದ್ದನ್ನು ಹೇಳಿಬಿಟ್ಟರು.

“ವರದಿ ಬಿಡಿ. ಆ ಲೇತಿನ ಹೆಂಗಸು ನಿಮಗೆ ಬಾಯಿಬಿಟ್ಟು ಹೇಳಿದಳಲ್ಲ. ಆ ಭಾಷೆ ನನಗೂ ಬರುತ್ತೆ, ಅವಳ ದನಿ ಪಕ್ಕದ ಮೇಜಿಗೆ ಕೇಳಿಸ್ತಿತ್ತು, ನಿಮ್ಮ ತಮ್ಮ ಮೆತ್ತಗೆ ಹೇಳಿದ್ದಷ್ಟೇ ಕೇಳಿಸಲಿಲ್ಲ. ಅವಳ ಅಣ್ಣನ ಕಾರ್ಖಾನೇಲಿ ಹೀಗೇ ಕಾಗದ ಕೊಟ್ಟು, ಎರಡು ವರ್ಷಕ್ಕೆ ಮುಚ್ಚಿದರಂತೆ. ‘ಪಾಲು ಕೇಳಬೇಡ ತಂಗಿ, ಬೇಡ ಅನ್ನೋ ಹಕ್ಕು ಕೇಳು’ ಅಂತ ನಿಮ್ಮ ಕೈ ಹಿಡಿದು ಹೇಳಿದಳು. ಅದನ್ನ ಕೇಳಿಯೂ ನೀವು ಸಭೇಲಿ ಹಾಗೆ ಮಾತಾಡಿದಿರಿ. ನಿಮ್ಮನ್ನೂ ಕೊಂಡುಕೊಂಡಿದಾರೆ ಅಂದುಕೊಂಡೆ. ಅದಕ್ಕೇ ಎದ್ದು ಹೋದೆ.”

ಅಕ್ಕ ವರದಿಯನ್ನು ಮಡಿಚಿ ಅವರ ಮುಂದಕ್ಕೆ ಸರಿಸಿದಳು. ಆಮೇಲೆ ತನಗೆ ಏನೆಂದು ಭಾಷಾಂತರವಾಯಿತು ಎಂಬುದನ್ನು ಹೇಳಿದಳು. ಅವರು ಕನ್ನಡಕ ಹಾಕಿಕೊಳ್ಳುವುದನ್ನೂ ಮರೆತು ಅವಳನ್ನೇ ನೋಡಿದರು. ನಾನು ಅವತ್ತೇ ನಿಮ್ಮನ್ನು ಒಂದು ಮಾತು ಕೇಳಿಬಿಟ್ಟಿದ್ದರೆ ಎಂದು ಏನೋ ಶುರು ಮಾಡಿದರು. ಅವಳು ಬೇಡ ಎಂಬಂತೆ ಕೈ ಮಾಡಿ ಮೆಟ್ಟಿಲಿಳಿದಳು.

ತಮ್ಮನ ಮನೆಗೆ ಹೋದದ್ದು ಮರುದಿನ ಮಧ್ಯಾಹ್ನ. ಅವನ ಹೆಂಡತಿ, ಅಕ್ಕನ ನಾದಿನಿ, ಸಂಭ್ರಮದಿಂದ ಬಾಗಿಲು ತೆರೆದು, ಅತ್ತಿಗೆ ಬಂದರು ಎಂದು ಒಳಗೆ ಕೂಗಿ, ಮುಖ ನೋಡಿ ಪಕ್ಕಕ್ಕೆ ಸರಿದಳು. ತಮ್ಮ ಊಟ ಮುಗಿಸಿ ಕೈ ಒರೆಸುತ್ತಿದ್ದ. ಅಕ್ಕ ಕೂರಲಿಲ್ಲ.

“ಆ ಹೆಂಗಸು ಏನಂದಳು ಅಂತ ಇವತ್ತು ಹೇಳು” ಎಂದಳು.

ಅವನು ತಪ್ಪಿಸಿಕೊಳ್ಳಲು ನೋಡಲಿಲ್ಲ. ಟವೆಲನ್ನು ಮಡಿಚಿ ಕುರ್ಚಿಯ ಬೆನ್ನಿಗೆ ಹಾಕಿ ಕೂತ. ನಿಜ ಹೇಳಿದ್ದರೆ ನೀನು ಸಭೆಯಲ್ಲಿ ಮಾತಾಡುತ್ತಿರಲಿಲ್ಲ, ನೀನು ಮಾತಾಡದಿದ್ದರೆ ಜನ ಒಪ್ಪುತ್ತಿರಲಿಲ್ಲ, ಒಪ್ಪದಿದ್ದರೆ ಯಜಮಾನರ ಮಗಳು ಇಡೀ ಕಾರ್ಖಾನೆಯನ್ನೇ ಮಾರುತ್ತಿದ್ದಳು, ನಾನೂರೂ ಜನ ಬೀದಿಗೆ ಬರುತ್ತಿದ್ದರು ಎಂದ. ಇನ್ನೂರ ಅರವತ್ತು ಜನ ಉಳಿದಿದ್ದಾರಲ್ಲ, ಅವರ ಮನೆಗೆ ಹೋಗಿ ಕೇಳು ಎಂದ. ಲೆಕ್ಕ ಸರಿಯಾಗಿಯೇ ಇದೆ ಎಂದು ಅಕ್ಕನಿಗೆ ಒಂದು ಕ್ಷಣ ಅನ್ನಿಸಿತು. ಅದಕ್ಕೇ ಇನ್ನೂ ಸಂಕಟವಾಯಿತು.

“ಪ್ರಯಾಣಕ್ಕೆ ಮೊದಲೇ ಇದೆಲ್ಲ ಮಾತಾಗಿತ್ತಾ?”

ಅವನು ಹೆಂಡತಿಯ ಕಡೆ ನೋಡಿದ. ಅವಳು ಒಳಗೆ ಹೋದಳು.

“ಆಗಿತ್ತು” ಎಂದ. “ಚೀಟಿ ಹಾಕಿಸಿದರೆ ನೀನೇ ಗೆಲ್ತೀಯ, ನಿನ್ನನ್ನ ಕರ್ಕೊಂಡು ಹೋಗು ಅಂದಿದ್ದೇ ಯಜಮಾನರ ಮಗಳು. ನಿನ್ನ ಮಾತು ನಡೆಯುತ್ತೆ ಅಂತ. ಆದರೆ ನಿನ್ನ ಕೆಲಸಕ್ಕೆ ಏನೂ ಆಗಬಾರದು ಅಂತ ನಾನು ಮೊದಲೇ ಬರೆಸಿಕೊಂಡಿದ್ದೆ ಅಕ್ಕ. ನಿನ್ನ ಕೈಬಿಡ್ತೀನಾ?”

ಅಷ್ಟು ದೂರ ಹಾರಿದ್ದು, ಮೂರು ದೇಶದ ಕಾರ್ಖಾನೆ, ತನ್ನನ್ನು ಆರಿಸಿದ ಮುನ್ನೂರ ಎಂಬತ್ತು ಚೀಟಿ, ಎಲ್ಲವೂ ತನ್ನ ಬಾಯಿಂದ ಒಂದು ಮಾತು ಹೊರಡಿಸಲು ನಡೆದ ಏರ್ಪಾಡು ಎಂದು ಅವಳಿಗೆ ಆಗ ಪೂರ್ತಿ ಅರ್ಥವಾಯಿತು. ಅಳು ಬರಲಿಲ್ಲ. ಎಂಟು ವರ್ಷದ ಹುಡುಗನ ತಲೆಗೆ ಎಣ್ಣೆ ಹಚ್ಚಿ ಬಾಚುತ್ತಿದ್ದದ್ದು ಯಾಕೋ ನೆನಪಾಗಿ, ಬೇಗ ಬೇಗ ಚಪ್ಪಲಿ ಮೆಟ್ಟಿಕೊಂಡು ಹೊರಟಳು.

ಮರುದಿನವೇ ಕೆಲಸ ಬಿಟ್ಟಳು. ನನ್ನ ಜಾಗದಲ್ಲಿ ತಪಾಸಣೆ ಕೋಣೆಯ ಒಬ್ಬ ಹುಡುಗಿಯನ್ನಾದರೂ ಉಳಿಸಿಕೊಳ್ಳಿ ಎಂದು ಬರೆದಳು. ಹಾಗೆ ಬದಲಿ ಕೊಡುವ ಪದ್ಧತಿ ಇಲ್ಲ ಎಂದು ಮೇಲಿನ ಮಹಡಿಯಿಂದ ಉತ್ತರ ಬಂತು, ಕೆಳಗೆ ತಮ್ಮನ ಸಹಿ. ಗಂಡ ಒಂದು ದಿನ ಗೊಣಗಿದ. ಎರಡನೇ ದಿನ, ಇಬ್ಬರಿಗೆ ಒಂದು ಸಂಬಳ ಸಾಕಾಗದಿದ್ದರೆ ಬಸ್ಸಿನಲ್ಲಿ ಹಾಡು ಹೇಳುತ್ತೇನೆ ಬಿಡು ಎಂದ.

ಆಮೇಲೆ ಅವಳು ಮಾಡಿದ ಕೆಲಸವನ್ನು ಯಾರೂ ಹೇಳಿ ಮಾಡಿಸಿದ್ದಲ್ಲ. ನೂರ ನಲವತ್ತು ಮನೆಗೂ ಹೋದಳು. ಪಟ್ಟಿ ಹಿಡಿದುಕೊಂಡು, ದಿನಕ್ಕೆ ಮೂರು ನಾಲ್ಕು. ಬಾಗಿಲಲ್ಲಿ ನಿಂತು, ನಾನು ಸಭೆಯಲ್ಲಿ ಹೇಳಿದ್ದು ಸುಳ್ಳು, ನನಗೆ ಗೊತ್ತಿರಲಿಲ್ಲ, ಆದರೂ ಹೇಳಿದವಳು ನಾನೇ ಎಂದು ಹೇಳುತ್ತಿದ್ದಳು. ಕೆಲವರು ಒಳಗೆ ಕರೆದು ನೀರು ಕೊಟ್ಟರು. ಕೆಲವರು ಮುಖಕ್ಕೆ ಹೊಡೆದಂತೆ ಬಾಗಿಲು ಹಾಕಿದರು. ಗ್ರೈಂಡಿಂಗಿನವನ ಹೆಂಡತಿಯೊಬ್ಬಳು, ತಮ್ಮನಿಗೆ ಅಷ್ಟು ದೊಡ್ಡ ಹುದ್ದೆ ಸಿಕ್ಕಿತಲ್ಲ, ಅದೂ ಗೊತ್ತಿರಲಿಲ್ಲವೇ ಎಂದು ಓಣಿಗೆಲ್ಲ ಕೇಳುವಂತೆ ಅಂದಳು. ಅಕ್ಕ ತಲೆ ತಗ್ಗಿಸಿ ಕೇಳಿಸಿಕೊಂಡಳು.

ಪಾಲಿಶ್ ವಿಭಾಗದ ಹಿರಿಯ ಬಾಗಿಲಲ್ಲೇ ಮುರುಕು ಸ್ಟೂಲಿಗೆ ಕಾಲು ಕೂರಿಸುತ್ತಿದ್ದ. ಅವಳ ಮಾತು ಮುಗಿದ ಮೇಲೂ ಸುತ್ತಿಗೆ ನಿಲ್ಲಲಿಲ್ಲ.

“ನನಗೆ ಅವತ್ತೇ ಅನುಮಾನ ಇತ್ತು ಕಣಮ್ಮ” ಎಂದ ಕೊನೆಗೆ. “ನಿನ್ನ ಬಾಯಿಂದ ಬಂತು ಅಂತ ಕೈ ಎತ್ತಿದೆ. ನಿನ್ನ ತಮ್ಮನ ಮೇಲೆ ನನಗೆ ಸಿಟ್ಟಿಲ್ಲ, ಅವನನ್ನ ನಾನು ಯಾವತ್ತೂ ನಂಬಿರಲಿಲ್ಲ.”

ಅದಕ್ಕಿಂತ ಕಠಿಣವಾದ ಮಾತನ್ನು ಆ ನೂರ ನಲವತ್ತು ಮನೆಯಲ್ಲಿ ಯಾರೂ ಆಡಲಿಲ್ಲ.

ಈಗ ಅವಳು ಗ್ರೈಂಡಿಂಗಿನ ಏಳು ಜನ ಸೇರಿ ನಡೆಸುವ ಸಣ್ಣ ರಿಪೇರಿ ಶೆಡ್ಡಿನಲ್ಲಿ ಇದ್ದಾಳೆ. ಪಂಪು, ಫ್ಯಾನು, ಹಿಟ್ಟಿನ ಗಿರಣಿಯ ಮೋಟಾರು. ಅಲ್ಲಿ ಒಡೆಯರಿಲ್ಲ, ಅದಕ್ಕೇ ದಿನಕ್ಕೆ ಏಳು ಜಗಳ. ಏನೇ ಕಾಗದ ಬಂದರೂ ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಎಲ್ಲರ ಮುಂದೆ ಗಟ್ಟಿಯಾಗಿ ಓದಬೇಕು ಎಂದು ಅವಳ ಹಟ. ಸಿಮೆಂಟು ಅಂಗಡಿಯ ಜಾಹೀರಾತನ್ನೂ ಓದಿಸಿದಳು ಎಂದು ಅವರು ತಮಾಷೆ ಮಾಡುತ್ತಾರೆ. ಪ್ರೊಫೆಸರು ಒಮ್ಮೆ ಬಂದು, ಕಾಲೇಜಿನ ಹುಡುಗರಿಗೆ ಮೂರು ದೇಶದ ಅನುಭವ ಹೇಳಿ ಎಂದು ಕೇಳಿಕೊಂಡರು. ಅವಳು ಹೋಗಲಿಲ್ಲ. ತಾನು ನೋಡಿದ್ದೆಷ್ಟು, ನೋಡು ಎಂದು ತೋರಿಸಿದ್ದೆಷ್ಟು ಎಂಬುದು ತನಗೇ ಇನ್ನೂ ಬಿಡಿಸಿಕೊಳ್ಳಲು ಆಗಿಲ್ಲ ಎಂದಳು. ಕಾರ್ಖಾನೆ ಮಾತ್ರ ಚೆನ್ನಾಗಿ ನಡೆಯುತ್ತಿದೆ. ಕಾರ್ಮಿಕರೇ ಒಡೆಯರಾದ ಮಾದರಿ ಎಂದು ಬೇರೆ ದೇಶದವರು ನೋಡಲು ಬರುತ್ತಾರಂತೆ. ತೋರಿಸುವವನು ತಮ್ಮನೇ.

ಹೋದ ವರ್ಷ ಚಿಕ್ಕಪ್ಪನ ಮೊಮ್ಮಗಳ ಮದುವೆಯಲ್ಲಿ ಇಬ್ಬರೂ ಎದುರಾದರು. ನಾದಿನಿ ಬೇಕೆಂದೇ ಊಟದ ಸಾಲಿನಲ್ಲಿ ಅವರನ್ನು ಅಕ್ಕಪಕ್ಕ ಕೂರಿಸಿದ್ದಳು. ಅವನ ಕೂದಲು ಕಿವಿಯ ಮೇಲೆ ನರೆತಿತ್ತು. ಬಹಳ ಹೊತ್ತು ಇಬ್ಬರೂ ಎಲ್ಲಿಯೋ ನೋಡಿಕೊಂಡು ಉಂಡರು. ಆಮೇಲೆ ಅವನು ನೀರಿನ ಜಗ್ ಎತ್ತಿ ಅವಳ ಲೋಟಕ್ಕೆ ಬಗ್ಗಿಸಿದ.

“ಸಾಕು” ಎಂದಳು. “ನೀವು ಹಾಕ್ಕೊಳ್ಳಿ.”

ಹುಟ್ಟಿದಾಗಿನಿಂದ ಏಕವಚನದಲ್ಲೇ ಕರೆಸಿಕೊಂಡವನು ಜಗ್ಗನ್ನು ಕೆಳಗಿಡುವುದು ಮರೆತು ಹಾಗೇ ಹಿಡಿದು ಕೂತ. ಎದುರು ಸಾಲಿನಲ್ಲಿದ್ದ ನಾದಿನಿ ತಲೆ ತಗ್ಗಿಸಿದಳು. ಬಡಿಸುವವರು ಬಂದು ಇನ್ನೇನಾದರೂ ಬೇಕೇ ಎಂದು ಕೇಳಿದರು. ಏನೂ ಬೇಡ ಎಂದು ಅಕ್ಕ ಎದ್ದು, ಕೈ ತೊಳೆಯುವವರ ಸಾಲಿನಲ್ಲಿ ಹೋಗಿ ನಿಂತಳು.